ಮುಖವಾಡ ಹಾಕಿದವನು ಯಾರ ಮನೆ ಹುಡುಗ?

ಪ್ರಶ್ನೆ: ನಾನು ವಿರಾಜಪೇಟೆ ಹತ್ತಿರದ ಹಳ್ಳಿಯವನು, ವಯಸ್ಸು 24. ಚಿಕ್ಕಂದಿನಿಂದ ಕಾಮಿಕ್ಸ್ ಹುಚ್ಚು. ಚಿತ್ರವನ್ನೂ ಬರೆಯುತ್ತೇನೆ. ಕೊಡಗಿನಲ್ಲೇ ನಡೆಯುವ ಒಂದು ಸೂಪರ್ ಹೀರೋ ಸಿನಿಮಾ ಮಾಡುವ ಆಸೆ. ಹೀರೋ ಕಾಫಿ ತೋಟದಲ್ಲಿ ಕೆಲಸ ಮಾಡುವ ಹುಡುಗ. ಕಥೆ ಹೇಳಿದರೆ ಗೆಳೆಯರು ನಗುತ್ತಾರೆ. 'ಅದಕ್ಕೆ ಹಾಲಿವುಡ್ ದುಡ್ಡು ಬೇಕು, ದೆವ್ವದ ಸಿನಿಮಾ ಮಾಡು, ಕಮ್ಮಿಯಲ್ಲಿ ಮುಗಿಯುತ್ತೆ' ಅಂತಾರೆ. ಸಿನಿಮಾ ತಿಳಿದ ಹಿರಿಯರೊಬ್ಬರು 'ಇದೆಲ್ಲ ಮಕ್ಕಳಾಟ, ಗಂಭೀರವಾಗಿ ಏನಾದರೂ ಮಾಡು' ಅಂದರು. ನೀವು ದೆವ್ವದ ಸಿನಿಮಾನೂ ಮಾಡಿದ್ದೀರಿ, ಕಾಮಿಕ್ಸ್ ಪುಸ್ತಕದಿಂದಲೂ ಸಿನಿಮಾ ಮಾಡಿದ್ದೀರಿ. ನಾನು ಎಲ್ಲಿಂದ ಶುರು ಮಾಡಲಿ, ಸರ್?

ಉತ್ತರ: ಗೆಳೆಯರು ನಕ್ಕರು ಅಂತ ಬೇಜಾರಾಗಬೇಡಿ. ನಿಮ್ಮದು ಇನ್ನೂ ಕಥೆ, ಪುಕ್ಕಟೆ ನಗು. ನನ್ನ ಮೊದಲ ಸಿನಿಮಾಕ್ಕೆ ಜನ ಟಿಕೆಟ್ ತೆಗೆದುಕೊಂಡು ಒಳಗೆ ಬಂದು ನಕ್ಕಿದ್ದರು. ಅದೂ ದೆವ್ವ ಬರುವ ಜಾಗದಲ್ಲಿ. ಆ ಕಥೆಗೆ ಆಮೇಲೆ ಬರುತ್ತೇನೆ.

ಮೊದಲು ಈ 'ಮಕ್ಕಳಾಟ'ದ ಮಾತು ಮುಗಿಸಿಬಿಡೋಣ. ಅದಕ್ಕೆ ಜಾಸ್ತಿ ಹೊತ್ತು ಬೇಡ. ಸತ್ಯಜಿತ್ ರಾಯ್ ಅವರನ್ನು ಗಂಭೀರ ನಿರ್ದೇಶಕ ಅಂತ ನಿಮ್ಮ ಹಿರಿಯರೂ ಒಪ್ಪುತ್ತಾರೆ, ಅಲ್ವಾ? ಅದೇ ರಾಯ್ 1969ರಲ್ಲಿ ದೆವ್ವಗಳ ರಾಜ ಬಂದು ವರ ಕೊಡುವ 'ಗೂಪಿ ಗಾಯ್ನ್ ಬಾಘಾ ಬಾಯ್ನ್' ಮಾಡಿದರು. ಆಮೇಲೆ ತಾವೇ ಬರೆದ ಪತ್ತೇದಾರಿ ಕಥೆಗಳನ್ನೂ ಸಿನಿಮಾ ಮಾಡಿದರು. ನಮ್ಮಲ್ಲಿ 1968ರಲ್ಲೇ ದೊರೈ-ಭಗವಾನ್ ಜೋಡಿ 'ಜೇಡರ ಬಲೆ'ಯಲ್ಲಿ ರಾಜ್‌ಕುಮಾರ್ ಅವರನ್ನು ಸಿ.ಐ.ಡಿ. 999 ಮಾಡಿತು. ಜನ ಒಪ್ಪಿಕೊಂಡರು. ಅದೇ ಪಾತ್ರ ಇನ್ನೂ ಮೂರು ಸಿನಿಮಾಗಳಲ್ಲಿ ಬಂತು. ಭಕ್ತನ ಪಾತ್ರ, ರಾಜನ ಪಾತ್ರ ಮಾಡಿದ ನಟ ಕೋಟು ಹಾಕಿ ಪಿಸ್ತೂಲು ಹಿಡಿದರೆ ಮರ್ಯಾದೆ ಕಡಿಮೆಯಾಗುತ್ತದೆ ಅಂತ ಅವರಿಗೇ ಅನ್ನಿಸಲಿಲ್ಲ. ನಮಗೆ ಯಾಕೆ?

ಈಗ ಜಾನರ್ ಸಿನಿಮಾ, ಅಂದರೆ ದೆವ್ವ, ಪತ್ತೇದಾರಿ, ಸೂಪರ್ ಹೀರೋ ಅಂತ ಒಂದೊಂದು ಬಗೆಗೆ ಸೇರಿದ ಸಿನಿಮಾ, ನಿಜಕ್ಕೂ ಏನು ಅನ್ನುವ ವಿಷಯ. ನಾನು ಇದನ್ನು ಕಲಿತದ್ದು ಯಾವ ಫಿಲ್ಮ್ ಶಾಲೆಯಲ್ಲೂ ಅಲ್ಲ, ಚಂದಮಾಮದಲ್ಲಿ. ನಮ್ಮಪ್ಪ ತಿಂಗಳಿಗೊಮ್ಮೆ ಮಡಿಕೇರಿಗೆ ಸಾಮಾನು ತರಲು ಹೋದಾಗ ಚೀಲದಲ್ಲಿ ಒಂದು ಚಂದಮಾಮ ಇರುತ್ತಿತ್ತು. ಒಣಮೀನಿನ ವಾಸನೆ ಹತ್ತಿಕೊಂಡೇ ಬರುತ್ತಿತ್ತು ಅದು. ಮೊದಲು ತೆರೆಯುತ್ತಿದ್ದದ್ದು ಬೇತಾಳನ ಕಥೆ. ಶಂಕರ್ ಬರೆದ ಆ ಚಿತ್ರ ನೆನಪಿದೆಯಾ? ರಾಜನ ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ, ಸುತ್ತ ಸ್ಮಶಾನ. ಪ್ರತಿ ತಿಂಗಳೂ ಅದೇ ಶುರು, ಅದೇ ಕೊನೆ. ರಾಜ ಬಾಯಿ ತೆರೆದ, ಬೇತಾಳ ಹಾರಿ ಮರ ಸೇರಿತು. ಮುಂದಿನ ತಿಂಗಳೂ ಹಾಗೇ ಆಗುತ್ತದೆ ಅಂತ ನನಗೆ ಗೊತ್ತಿತ್ತು. ಆದರೂ ಕಾಯುತ್ತಿದ್ದೆ.

ಜಾನರ್ ಅಂದರೆ ಇಷ್ಟೇ. ನೋಡುವವನಿಗೆ ಮೊದಲೇ ಒಂದು ಮಾತು ಕೊಟ್ಟಿರುತ್ತೀರಿ. ಬೇತಾಳ ಹಾರಬೇಕು, ದೆವ್ವ ಬರಬೇಕು, ಹೀರೋ ಮುಖವಾಡ ಹಾಕಬೇಕು. ಏನಾಗುತ್ತದೆ ಅನ್ನುವುದರಲ್ಲಿ ಗುಟ್ಟಿಲ್ಲ. ಹೇಗೆ ಆಗುತ್ತದೆ, ಯಾವಾಗ ಆಗುತ್ತದೆ ಅನ್ನುವುದರಲ್ಲೇ ನಿಮ್ಮ ಕೆಲಸ ಇರುವುದು. ಮಾತು ತಪ್ಪಿದರೆ ಜನ ಬೈಯುತ್ತಾರೆ. ಅವರು ಎಣಿಸಿದ ಹಾಗೇ ಎಣಿಸಿದ ಹೊತ್ತಿಗೆ ಕೊಟ್ಟರೆ ಆಕಳಿಸುತ್ತಾರೆ.

ನೀವು ಕೊಡಗಿನವರು, ಮಡಿಕೇರಿ ದಸರಾ ನೋಡಿರುತ್ತೀರಿ. ಹೊರಗಿನ ಓದುಗರಿಗಾಗಿ ಎರಡು ಮಾತು: ವಿಜಯದಶಮಿ ರಾತ್ರಿ ಹತ್ತು ದೇವಸ್ಥಾನಗಳ ಹತ್ತು ಮಂಟಪಗಳು ಬೀದಿಗೆ ಇಳಿಯುತ್ತವೆ. ಒಂದೊಂದರ ಮೇಲೂ ಪುರಾಣದ ಒಂದೊಂದು ಕಥೆ. ಆಳೆತ್ತರಕ್ಕಿಂತ ದೊಡ್ಡ ಕಲಾಕೃತಿಗಳು ಕೈ ಎತ್ತುತ್ತವೆ, ತಲೆ ತಿರುಗಿಸುತ್ತವೆ, ರಾಕ್ಷಸ ಬೀಳುತ್ತಾನೆ. ಬೆಳಕು, ಹೊಗೆ, ಸದ್ದು ಎಲ್ಲ ಇದೆ. ಬೆಳಗಿನ ಜಾವದವರೆಗೂ ಜನ ಚಳಿಯಲ್ಲಿ ನಿಂತು ನೋಡುತ್ತಾರೆ. ತೀರ್ಪುಗಾರರಿರುತ್ತಾರೆ, ಬಹುಮಾನ ಇದೆ. ಬಹುಮಾನ ಬಾರದಿದ್ದರೆ ಜಗಳವೂ ಇದೆ. ಸೂಪರ್ ಹೀರೋ ಸಿನಿಮಾಕ್ಕೆ ಹಾಲಿವುಡ್ ಬೇಕು ಅನ್ನುವ ನಿಮ್ಮ ಗೆಳೆಯರು ವರ್ಷ ವರ್ಷ ಈ ಬೀದಿಯಲ್ಲಿ ನಿಂತು ಅದನ್ನೇ ನೋಡುತ್ತಿದ್ದಾರೆ. ಟ್ರ್ಯಾಕ್ಟರ್ ಮೇಲೆ.

ನನಗೆ 17 ವರ್ಷ ಇದ್ದಾಗ ಒಂದು ಮಂಟಪದಲ್ಲಿ ಕೆಲಸಕ್ಕೆ ಸೇರಿಕೊಂಡಿದ್ದೆ. ಕೆಲಸ ಅಂದರೆ ವೈರ್ ಹಿಡಿಯುವುದು, ಟೀ ತರುವುದು. ಆ ವರ್ಷದ ಕಥೆ ನರಸಿಂಹ. ಕಂಬ ಸೀಳಿ ನರಸಿಂಹ ಎದ್ದು ಬರಬೇಕು. ಕಂಬವನ್ನು ಎರಡು ಹೋಳು ಮಾಡಿ, ಕೆಳಗೆ ಗಾಲಿ ಇಟ್ಟು, ಚೈನು ಹಾಕಿ ಮೋಟಾರಿಗೆ ಸೇರಿಸಿದ್ದರು. ಸ್ವಿಚ್ ಒತ್ತಿದರೆ ನಾಲ್ಕೇ ಸೆಕೆಂಡಿನಲ್ಲಿ ಕಂಬ ತೆರೆದುಕೊಳ್ಳುತ್ತಿತ್ತು. ಶೆಡ್ಡಿನಲ್ಲಿ ಹತ್ತು ಸಲ ನೋಡಿ ನಾವೇ ಚಪ್ಪಾಳೆ ಹೊಡೆದುಕೊಂಡಿದ್ದೆವು.

ರಾತ್ರಿ ಎರಡು ಗಂಟೆ ಸುಮಾರಿಗೆ ತೀರ್ಪುಗಾರರ ಮುಂದೆ ನಿಂತಾಗ ಸಣ್ಣಗೆ ಮಳೆ. ಹಿರಣ್ಯಕಶಿಪು ಗದೆ ಎತ್ತಿದ. ಸ್ವಿಚ್ ಒತ್ತಿದೆವು. ಮೋಟಾರು 'ಗುರ್' ಅಂದು ಸುಮ್ಮನಾಯಿತು. ಸುಟ್ಟ ವಾಸನೆ. ನನಗೆ ಕಾಲು ನಡುಗಿತು. ನಮ್ಮ ಎಲೆಕ್ಟ್ರಿಷಿಯನ್ ಅಣ್ಣ ಮಾತ್ರ ಅವಸರ ಮಾಡಲಿಲ್ಲ. 'ಎಲ್ಲ ಲೈಟೂ ತೆಗಿ. ಕಂಬದ ಒಳಗಿನ ಕೆಂಪು ಬಲ್ಬು ಒಂದೇ ಇರ್ಲಿ. ಚೆಂಡೆಯವರಿಗೆ ನಿಲ್ಲಿಸ್ಬೇಡಿ ಅಂತ ಹೇಳು. ನೀವು ನಾಲ್ಕು ಜನ ಹಿಂದೆ ಹೋಗಿ ಕೈಯಲ್ಲಿ ದೂಡಿ' ಅಂದರು.

ದೂಡಿದೆವು. ಒದ್ದೆಯಾದ ಗಾಲಿ ಸುಲಭಕ್ಕೆ ಜಾರಲಿಲ್ಲ. ಕಂಬ ಒಂದು ಬೆರಳಗಲ ಬಿರುಕು ಬಿಟ್ಟಿತು, ಒಳಗಿಂದ ಕೆಂಪು ಗೆರೆ ಬಿತ್ತು, ಮತ್ತೆ ನಿಂತಿತು. ಮತ್ತೆ ಒಂದು ಬೆರಳು. ಅರ್ಧ ನಿಮಿಷವಾದರೂ ಹಿಡಿದಿರಬೇಕು. ಬೀದಿಯಲ್ಲಿ ಅಷ್ಟು ಜನ ಇದ್ದರೂ ಒಂದು ಮಾತಿಲ್ಲ. ಎಲ್ಲೋ ಒಂದು ಮಗು ಅಳಲು ಶುರು ಮಾಡಿತು. ಕಂಬ ಪೂರ್ತಿ ತೆರೆದಾಗ ಎದ್ದ ಕೂಗು ನನ್ನ ಬೆನ್ನಿಗೆ ಬಡಿಯಿತು. ನಾನು ಕಂಬದ ಹಿಂದೆ ಇದ್ದೆ, ಏನೂ ಕಾಣಿಸುತ್ತಿರಲಿಲ್ಲ. ಮರುವರ್ಷ ಹೊಸ ಮೋಟಾರು ಬಂತು, ಇನ್ನೊಂದು ಕಥೆಗೆ ಅದೇ ಬಾಗಿಲು ಬಳಸಿದೆವು. ನಾಲ್ಕು ಸೆಕೆಂಡಿಗೆ ಸರಿಯಾಗಿ ತೆರೆಯಿತು. ಯಾರೂ ಕೂಗಲಿಲ್ಲ.

ಬಹಳ ವರ್ಷ ಆದಮೇಲೆ 1975ರ 'ಜಾಸ್' ತಯಾರಾದ ಕಥೆ ಓದಿದಾಗ ನಗು ಬಂತು. ಅಲ್ಲೂ ಯಂತ್ರದ ಶಾರ್ಕ್ ಸಮುದ್ರದ ಉಪ್ಪುನೀರಿಗೆ ಕೆಟ್ಟು ಕೂತಿತ್ತು. ಸ್ಪೀಲ್‌ಬರ್ಗ್ ಶಾರ್ಕ್ ಇಲ್ಲದೆಯೇ ಶಾರ್ಕ್ ತೋರಿಸಬೇಕಾಯಿತು. ನೀರು, ಕಾಲು, ತೇಲುವ ಪೀಪಾಯಿ, ಜಾನ್ ವಿಲಿಯಮ್ಸ್ ಅವರ ಎರಡು ಸ್ವರದ ಸಂಗೀತ. ಶಾರ್ಕ್ ಸರಿಯಾಗಿ ಮುಖ ತೋರಿಸುವುದು ಗಂಟೆ ದಾಟಿದ ಮೇಲೆ. ಯಂತ್ರ ಸರಿ ಇದ್ದಿದ್ದರೆ ಆ ಸಿನಿಮಾ ಅಷ್ಟು ಹೆದರಿಸುತ್ತಿರಲಿಲ್ಲ ಅನ್ನುವುದು ನನ್ನ ಗಟ್ಟಿ ನಂಬಿಕೆ.

ಈಗ ನನ್ನ ದೆವ್ವದ ವಿಷಯ. ಹಳೇ ಬಂಗಲೆ, ಮಳೆಗಾಲ, ಬಾಗಿಲಲ್ಲಿ ಬಿಳಿ ಸೀರೆಯ ಹೆಂಗಸು. ನಟಿಯನ್ನು ಬೆಂಗಳೂರಿನ ಸ್ಟುಡಿಯೋದಲ್ಲಿ ಬೇರೆ ತೆಗೆದು, ಬಂಗಲೆಯ ಶಾಟ್ ಮೇಲೆ ಕೂರಿಸಿದ್ದೆವು. ದುಡ್ಡಿನ ಮುಕ್ಕಾಲು ಭಾಗ ಆ ಗ್ರಾಫಿಕ್ಸ್‌ಗೇ ಹೋಯಿತು. ಮೊದಲ ದಿನ ಟಾಕೀಸಿನ ಕೊನೆ ಸಾಲಲ್ಲಿ ಕೂತಿದ್ದೆ. ಅವಳು ಬಂದಳು, ಜನ ನಕ್ಕರು. ಹೊರಗೆ ಬಂದಾಗ ಒಬ್ಬರು ಅಜ್ಜಿ ಮೊಮ್ಮಗಳಿಗೆ ಹೇಳುತ್ತಿದ್ದರು: 'ಅಷ್ಟು ಮಳೆ ಹೊಡೀತಾ ಉಂಟು, ಅವಳ ಸೀರೆ ಮಾತ್ರ ಇಸ್ತ್ರಿ ಮಾಡಿದ ಹಾಗೆ!'

ಗ್ರಾಫಿಕ್ಸ್ ಕಂಪನಿಯವರ ಮೇಲೆ ಹಾಕಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ತಪ್ಪು ನನ್ನದು. ಆ ಅಜ್ಜಿಗೆ ದೆವ್ವದ ಬಗ್ಗೆ ತಕರಾರಿರಲಿಲ್ಲ. ದೆವ್ವ ಇದೆ ಅಂತ ಒಪ್ಪಿಕೊಂಡೇ ಟಿಕೆಟ್ ತೆಗೆದುಕೊಂಡಿದ್ದರು. ತಕರಾರು ಸೀರೆಯದ್ದು. ಕೊಡಗಿನ ಮಳೆಯಲ್ಲಿ ಎರಡು ನಿಮಿಷ ನಿಂತರೆ ಏನಾಗುತ್ತದೆ ಅಂತ ಅವರಿಗೆ ಗೊತ್ತು. ದೊಡ್ಡ ಸುಳ್ಳನ್ನು ನಂಬಲು ತಯಾರಿದ್ದವರಿಗೆ ನಾನು ಸಣ್ಣ ಸುಳ್ಳು ಹೇಳಿ ಸಿಕ್ಕಿಬಿದ್ದೆ.

ನಿಮಗೆ ನಾನು ಹೇಳಬೇಕಾದ ಮಾತು ಇದೊಂದೇ, ಉಳಿದದ್ದೆಲ್ಲ ಇದರ ವಿವರ. ನಿಮ್ಮ ಹೀರೋ ಹಾರಲಿ, ಬೆಂಕಿ ಉಗುಳಲಿ, ಆನೆ ಎತ್ತಲಿ. ಅವನ ಗಂಬೂಟಿಗೆ ಕೆಸರು ಹತ್ತಿರಬೇಕು. 1978ರ 'ಸೂಪರ್‌ಮ್ಯಾನ್' ಮಾಡಿದ ರಿಚರ್ಡ್ ಡಾನರ್, ನಿಜದ ಹಾಗೆ ಕಾಣಬೇಕು ಅನ್ನುವ ಅರ್ಥದ ಒಂದೇ ಪದವನ್ನು ತನ್ನ ತಂಡಕ್ಕೆಲ್ಲ ಮಂತ್ರದ ಹಾಗೆ ಹೇಳಿಕೊಟ್ಟಿದ್ದರು. ಆ ಸಿನಿಮಾ ಮತ್ತೆ ನೋಡಿ. ಮುಕ್ಕಾಲು ಗಂಟೆ ಹತ್ತಿರ ಹತ್ತಿರ ಆ ಕೆಂಪು ನೀಲಿ ಬಟ್ಟೆ ಕಾಣಿಸುವುದೇ ಇಲ್ಲ. ಒಂದು ಹೊಲ, ಒಂದು ಹಳೇ ಮನೆ, ಸಾಕುತಂದೆಯ ಸಾವು. ಇಷ್ಟು ಶಕ್ತಿ ಇದ್ದೂ ಅಪ್ಪನನ್ನು ಉಳಿಸಿಕೊಳ್ಳಲಾಗಲಿಲ್ಲ ಅಂತ ಆ ಹುಡುಗ ನಿಂತಿರುತ್ತಾನೆ. ಅದಾದ ಮೇಲೆ ಅವನು ಹಾರಿದರೆ ಯಾರು ಬೇಡ ಅಂತಾರೆ?

ನಮ್ಮ ಪಕ್ಕದಲ್ಲೇ ಇನ್ನೊಂದು ಉದಾಹರಣೆ ಇದೆ. ಗಡಿಯ ಕುಟ್ಟ ದಾಟಿದರೆ ಕೇರಳದ ವಯನಾಡು. ಅಲ್ಲಿನ ಸುಲ್ತಾನ್ ಬತ್ತೇರಿಯ ಬೇಸಿಲ್ ಜೋಸೆಫ್ 2021ರಲ್ಲಿ 'ಮಿನ್ನಲ್ ಮುರಳಿ' ಮಾಡಿದರು. ಹೀರೋ ಊರಿನ ಟೈಲರ್. ಸಿಡಿಲು ಬಡಿದು ಶಕ್ತಿ ಬರುತ್ತದೆ. ಅದೇ ಸಿಡಿಲು ಇನ್ನೊಬ್ಬನಿಗೂ ಬಡಿಯುತ್ತದೆ. ಊರೆಲ್ಲ ದೂರ ಇಟ್ಟ, ಒಬ್ಬಳನ್ನೇ ಜೀವನಪೂರ್ತಿ ಪ್ರೀತಿಸಿದ ಪಾಪದವನು ಅವನು. ಕೊನೆಗೆ ನನಗೆ ಹೀರೋಗಿಂತ ಅವನೇ ಜಾಸ್ತಿ ಉಳಿದ. ಖಳನಾಯಕನಿಗೆ ಊರಿನ ಮೇಲೆ ಸಿಟ್ಟು ಬರಲು ಊರೇ ಕಾರಣ ಕೊಟ್ಟಿರಬೇಕು. ಪ್ರಪಂಚ ಗೆಲ್ಲುತ್ತೇನೆ ಅಂತ ಹೊರಡುವವನು ನಮ್ಮ ಕಡೆ ಸಂತೆ ದಿನ ಬಸ್ ಸ್ಟ್ಯಾಂಡಿನಲ್ಲೇ ಬೈಸಿಕೊಳ್ಳುತ್ತಾನೆ.

ಈಗ ನಿಮ್ಮ ಕಥೆಗೆ ಬರೋಣ. ತೋಟದಲ್ಲಿ ಕೆಲಸ ಮಾಡುವ ಹುಡುಗ ಅಂದಿರಿ. ಒಳ್ಳೆಯದು. ನನಗೆ ಮೊದಲು ಹೊಳೆದ ತೊಂದರೆ ಮುಖವಾಡ. ದೊಡ್ಡ ಪಟ್ಟಣದಲ್ಲಿ ಕಣ್ಣಿಗೊಂದು ಪಟ್ಟಿ ಕಟ್ಟಿದರೆ ಯಾರಿಗೂ ಗುರುತು ಸಿಗುವುದಿಲ್ಲ ಅಂದರೆ ನಂಬಬಹುದು. ನಮ್ಮಲ್ಲಿ? ದೂರದಲ್ಲಿ ಜೀಪಿನ ಸದ್ದು ಕೇಳಿಯೇ ಯಾರದ್ದು ಅಂತ ಹೇಳುತ್ತಾರೆ. ಕತ್ತಲಲ್ಲಿ ಟಾರ್ಚ್ ಬೀಸುವ ರೀತಿ ನೋಡಿ 'ಓ, ಇವ ಅವನ ಮಗ' ಅಂತಾರೆ. ಹೊಸ ಮುಖ ಕಂಡರೆ ಹೆಸರಿಗಿಂತ ಮೊದಲು ಕೇಳುವುದು 'ಯಾವ ಮನೆ?' ಅಂತ. ಇಂಥ ಊರಲ್ಲಿ ಗುಟ್ಟಾಗಿ ಹೀರೋ ಆಗುವುದು ಹೇಗೆ?

ಇದನ್ನು ಕಷ್ಟ ಅಂದುಕೊಳ್ಳಬೇಡಿ, ನಿಮ್ಮ ಸಿನಿಮಾದ ಅತ್ಯಂತ ಒಳ್ಳೆಯ ಆಸ್ತಿ ಇದು. ಊರಿಗೆಲ್ಲ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ ಅಂತ ಮಾಡಬಹುದು. ಅಥವಾ ಎಲ್ಲರೂ ತಪ್ಪು ಮನೆಯ ಹುಡುಗನ ಹೆಸರು ಹೇಳುತ್ತಿರಬಹುದು, ಆ ಹುಡುಗ ಸುಮ್ನೆ ಗೌರವ ತಿನ್ನುತ್ತಿರಬಹುದು. ಇನ್ನೊಂದು ಕಡೆ ಹಾಜರಿ ಇದೆ. ಬೆಳಗ್ಗೆ ತೋಟದ ಲೆಕ್ಕ ಬರೆಯುವ ರೈಟರ್ ಚೆಕ್‌ರೋಲ್ (ಹಾಜರಿ ಪುಸ್ತಕ) ಹಿಡಿದು ನಿಂತಿರುತ್ತಾರೆ. ರಾತ್ರಿಯಿಡೀ ಊರು ಕಾದವನು ತಡವಾಗಿ ಬಂದರೆ ಅರ್ಧ ದಿನದ ಸಂಬಳ ಹೋಯಿತು. ಲೋಕ ಉಳಿಸಿದ್ದಕ್ಕೆ ರೈಟರ್ ಹತ್ತಿರ ಕಾಲಂ ಇಲ್ಲ. ಆ ಸೀನಿಗೆ ಒಂದು ಪೈಸೆ ಗ್ರಾಫಿಕ್ಸ್ ಬೇಡ, ಅಲ್ವಾ?

ಬಟ್ಟೆಯ ವಿಷಯವೂ ಹಾಗೇ. ಬೆನ್ನ ಹಿಂದೆ ಹಾರುವ ಬಟ್ಟೆ ನಮ್ಮ ಜೂನ್ ತಿಂಗಳಲ್ಲಿ ಹಾರುವುದಿಲ್ಲ, ಕಾಲಿಗೆ ಸುತ್ತಿಕೊಳ್ಳುತ್ತದೆ. ತೋಟದಲ್ಲಿ ಮಳೆಗೆ ಕೊಪ್ಪೆ ಹಾಕುತ್ತಾರಲ್ಲ, ಮೊದಲು ಕಂಬಳಿಯದ್ದು, ಈಗ ಪ್ಲಾಸ್ಟಿಕ್ಕಿನದ್ದು? ನೀಲಿ ಪ್ಲಾಸ್ಟಿಕ್ ಕೊಪ್ಪೆ, ಗಂಬೂಟು, ತಲೆಗೆ ಕಟ್ಟಿದ ಟಾರ್ಚ್. ಸಾಲಲ್ಲಿ ಮೂವತ್ತು ಜನ ಅದೇ ಬಟ್ಟೆಯಲ್ಲಿ ನಿಂತಿರುತ್ತಾರೆ. ಮುಖವಾಡವೇ ಬೇಡ. ನಾನಾದರೆ ಹೀಗೆ ಮಾಡುತ್ತಿದ್ದೆ. ನಿಮಗೆ ಬೇಕಾದರೆ ತೆಗೆದುಕೊಳ್ಳಿ, ಪುಕ್ಕಟೆ.

ಒಂದು ಎಚ್ಚರಿಕೆ. ನಮ್ಮಲ್ಲಿ ಕಣ್ಣಿಗೆ ಕಟ್ಟುವ ವೇಷಗಳು ಬೇಕಾದಷ್ಟಿವೆ. ತೆರೆ ಕಟ್ಟುವವರನ್ನು, ಅಂದರೆ ದೈವದ ವೇಷ ಕಟ್ಟುವವರನ್ನು, ನೋಡಿದರೆ ಯಾವ ಕಾಮಿಕ್ಸ್ ಚಿತ್ರಗಾರನಿಗೂ ಕೈ ತುರಿಸುತ್ತದೆ. ನನಗೂ ತುರಿಸಿತ್ತು. ಮಾಡಬೇಡಿ. ಕಟ್ಟಿದವನಿಗೆ, ಮುಂದೆ ಕೈಮುಗಿದು ನಿಂತವರಿಗೆ ಅದು ವೇಷ ಅಲ್ಲ. ಆಯಾ ಊರಿನ ಹಿರಿಯರ ಹತ್ತಿರ ಕೂತು ಕೇಳಿ, ಅವರು ಬೇಡ ಅಂದರೆ ಅಲ್ಲಿಗೆ ಬಿಡಿ. ದೇವರಕಾಡುಗಳೂ ಅಷ್ಟೇ. ಜಿಲ್ಲೆಯಲ್ಲಿ ಸಾವಿರಕ್ಕೂ ಹೆಚ್ಚಿವೆ. ಲೊಕೇಶನ್ ಹುಡುಕುವ ಹುಡುಗರಿಗೆ ಅದು ಬರೀ ಚಂದದ ಕಾಡು. ಕ್ಯಾಮೆರಾ ಹೊತ್ತು ಒಳಗೆ ನುಗ್ಗುವ ಮೊದಲು ಚಪ್ಪಲಿ ಬಿಡಬೇಕಾ ಅಂತಾದರೂ ಕೇಳಬೇಕು. ಹಾಗೆಯೇ 2018ರ ಆಗಸ್ಟ್. ಗುಡ್ಡ ಜಾರಿ ಮನೆ ಹೋದವರು ನಿಮ್ಮ ಸಿನಿಮಾ ನೋಡಲು ಬರುತ್ತಾರೆ. ಅವರ ಮುಂದೆ ಗುಡ್ಡ ಜಾರುವುದನ್ನು ಪಟಾಕಿಯ ಹಾಗೆ ತೋರಿಸಬೇಡಿ.

ದೆವ್ವದ ಸಿನಿಮಾ ಸುಲಭ, ಸೂಪರ್ ಹೀರೋ ಕಷ್ಟ ಅನ್ನುವ ಲೆಕ್ಕ ತಪ್ಪು. ಎರಡೂ ಒಂದೇ ಕೆಲಸ. ಸ್ಯಾಮ್ ರೈಮಿ 1981ರಲ್ಲಿ 'ದಿ ಈವಿಲ್ ಡೆಡ್' ಮಾಡಿದಾಗ ಇನ್ನೂ ಇಪ್ಪತ್ತರ ಹರೆಯದ ಹುಡುಗ. ಕಾಡಿನಲ್ಲಿ ಕಣ್ಣಿಗೆ ಕಾಣದ ಕೆಟ್ಟದ್ದೊಂದು ನುಗ್ಗಿ ಬರಬೇಕಿತ್ತು. ದುಡ್ಡಿರಲಿಲ್ಲ. ಕ್ಯಾಮೆರಾವನ್ನು ಒಂದು ಮರದ ಪಟ್ಟಿಗೆ ಕಟ್ಟಿ, ಎರಡು ತುದಿ ಇಬ್ಬರು ಹಿಡಿದು, ಮರಗಳ ನಡುವೆ ಓಡಿದರು. ತೆರೆಯ ಮೇಲೆ ದೆವ್ವವೇ ಓಡಿ ಬಂತು. ಅದೇ ರೈಮಿ 2002ರಲ್ಲಿ 'ಸ್ಪೈಡರ್ ಮ್ಯಾನ್' ಮಾಡಿದರು. ನಿಮ್ಮ ಹತ್ತಿರ ಫೋನ್ ಇದೆ, ತೋಟದಲ್ಲಿ ಮರದ ಪಟ್ಟಿ ಸಿಗುತ್ತದೆ. ಈ ಭಾನುವಾರವೇ ಸಿಲ್ವರ್ ಓಕ್ ಸಾಲಿನ ನಡುವೆ ಓಡಿ ನೋಡಿ. ಕಾಫಿ ಗಿಡದ ಎತ್ತರಕ್ಕೆ ಹಿಡಿಯಿರಿ, ಎಲೆ ಕ್ಯಾಮೆರಾಕ್ಕೆ ಬಡಿಯಲಿ. ಬೀಳುವಾಗ ಫೋನ್ ಹಿಡಿದವನು ಮೊದಲು ಬೀಳದಂತೆ ನೋಡಿಕೊಳ್ಳಿ.

ನೀವು ಚಿತ್ರ ಬರೆಯುವವರು, ಹಾಗಾಗಿ ಮುಂದಿನ ಮಾತು ಸ್ವಲ್ಪ ಉದ್ದ. ನನ್ನ ಎರಡನೆಯ ಸಿನಿಮಾ ಒಂದು ಸಣ್ಣ ಕಾಮಿಕ್ಸ್ ಪುಸ್ತಕದಿಂದ ಹುಟ್ಟಿದ್ದು. ಆ ಪುಸ್ತಕ ನನಗೆ ಎಷ್ಟು ಇಷ್ಟ ಅಂದರೆ ಒಂದೊಂದು ಚೌಕವನ್ನೂ ಹಾಗೇ ಒಂದೊಂದು ಶಾಟ್ ಮಾಡಿದೆ. ಅದೇ ಕೋನ, ಅದೇ ನೆರಳು. ಎಡಿಟಿಂಗ್‌ಗೆ ಕೂತಾಗ ಎಡಿಟರ್ ಅರ್ಧ ಗಂಟೆ ನೋಡಿ, 'ಸರ್, ಫೋಟೋ ಆಲ್ಬಂ ಚೆನ್ನಾಗಿದೆ' ಅಂದ.

ಏನಾಗಿತ್ತು ಅಂದರೆ, ಕಾಮಿಕ್ಸ್‌ನಲ್ಲಿ ಅರ್ಧ ಕಥೆ ಎರಡು ಚೌಕಗಳ ನಡುವಿನ ಖಾಲಿ ಜಾಗದಲ್ಲಿ ನಡೆಯುತ್ತದೆ. ಒಂದು ಚೌಕದಲ್ಲಿ ಎತ್ತಿದ ಕೈ. ಮುಂದಿನದರಲ್ಲಿ ನೆಲಕ್ಕೆ ಬಿದ್ದವನು. ಹೊಡೆದದ್ದು ಯಾರು? ಓದುವವನೇ! ಅಮೆರಿಕದ ಸ್ಕಾಟ್ ಮೆಕ್‌ಕ್ಲೌಡ್ ಇದರ ಬಗ್ಗೆ 1993ರಲ್ಲಿ ಒಂದು ಪುಸ್ತಕವನ್ನೇ ತಂದರು, ಅದನ್ನೂ ಕಾಮಿಕ್ಸ್ ರೂಪದಲ್ಲೇ. ಸಿನಿಮಾದಲ್ಲಿ ಆ ಖಾಲಿ ಜಾಗ ತಾನಾಗಿ ಸಿಗುವುದಿಲ್ಲ. ಹೊಡೆತ ತೋರಿಸಬೇಕಾ, ಸದ್ದು ಮಾತ್ರ ಕೇಳಿಸಬೇಕಾ, ಪಕ್ಕದಲ್ಲಿ ನಿಂತವನ ಮುಖ ತೋರಿಸಬೇಕಾ ಅಂತ ನೀವೇ ತೀರ್ಮಾನ ಮಾಡಬೇಕು. ಇನ್ನೊಂದು ವ್ಯತ್ಯಾಸ ಸಮಯ. ಇಷ್ಟವಾದ ಚಿತ್ರದ ಮೇಲೆ ಓದುಗ ಹತ್ತು ನಿಮಿಷ ಕೂರಬಹುದು. ಟಾಕೀಸಿನಲ್ಲಿ ಗಡಿಯಾರ ನಿಮ್ಮ ಕೈಯಲ್ಲಿ.

ಪುಟ ತಿರುಗಿಸುವ ಆಟವೂ ಹಾಗೇ. ಜಾಣ ಕಾಮಿಕ್ಸ್‌ಗಾರ ಬಲಗಡೆ ಪುಟದ ಕೊನೆಯ ಚೌಕದಲ್ಲಿ ಹೆದರಿದ ಮುಖ ಬರೆಯುತ್ತಾನೆ. ಏನು ಕಂಡು ಹೆದರಿದ ಅನ್ನುವುದು ಪುಟ ತಿರುಗಿಸಿದ ಮೇಲೆ. ಸಿನಿಮಾದಲ್ಲಿ ಪುಟ ಇಲ್ಲ. ಬಾಗಿಲಿದೆ, ಕರೆಂಟ್ ಹೋಗುವುದಿದೆ, ಮಂಜಿದೆ. ನನಗೆ ತುಂಬಾ ಕೆಲಸಕ್ಕೆ ಬಂದದ್ದು ಜೀರುಂಡೆ. ಇಡೀ ಸೀನಿನ ಹಿಂದೆ ಜೀರುಂಡೆ ಸದ್ದು ಇಟ್ಟು, ಒಂದು ಕ್ಷಣ ನಿಲ್ಲಿಸಿ. ನಮ್ಮವರಿಗೆ ವಿವರಿಸಬೇಕಾಗಿಲ್ಲ, ಕತ್ತು ತಾನಾಗಿ ತಿರುಗುತ್ತದೆ.

ಪುಟವನ್ನೇ ತೆರೆಗೆ ತಂದು ಗೆದ್ದವರೂ ಇದ್ದಾರೆ. 2005ರ 'ಸಿನ್ ಸಿಟಿ'ಯಲ್ಲಿ ರಾಬರ್ಟ್ ರೊಡ್ರಿಗೆಜ್ ಮೂಲ ಕಾಮಿಕ್ಸ್ ಬರೆದ ಫ್ರಾಂಕ್ ಮಿಲ್ಲರ್ ಅವರನ್ನೇ ಜೊತೆ ನಿರ್ದೇಶಕರನ್ನಾಗಿ ಕೂರಿಸಿಕೊಂಡರು. ನಿರ್ದೇಶಕರ ಸಂಘದ ನಿಯಮ ಅದಕ್ಕೆ ಅಡ್ಡ ಬಂದಾಗ ಸಂಘವನ್ನೇ ಬಿಟ್ಟರು. ಹಸಿರು ಪರದೆಯ ಮುಂದೆ ನಟರು, ಹಿಂದೆ ಪರದೆಯ ಜಾಗದಲ್ಲಿ ಆಮೇಲೆ ಕೂರಿಸಿದ ಪುಸ್ತಕದ ಕಪ್ಪು ಬಿಳುಪು. ಅಲ್ಲಿ ಅದು ನಡೆಯಿತು, ಯಾಕೆಂದರೆ ಆ ಊರು ಇರುವುದೇ ಮಿಲ್ಲರ್ ಅವರ ಶಾಯಿಯಲ್ಲಿ. ನಿಮ್ಮ ಊರು ಕಿಟಕಿ ತೆಗೆದರೆ ಇದೆ. ಅದನ್ನು ಬಿಟ್ಟು ಹಸಿರು ಪರದೆ ಮುಂದೆ ನಿಲ್ಲುವುದು ದಡ್ಡತನ.

ಕಿಟಕಿಯ ಆಚೆ ತೆಗೆಯುವುದಕ್ಕೂ ಕೆಲವು ಗುಟ್ಟುಗಳಿವೆ. ನಮ್ಮ ಮಳೆ ಎಷ್ಟು ಜೋರಾಗಿ ಹೊಡೆದರೂ ಕ್ಯಾಮೆರಾಕ್ಕೆ ಸುಮ್ನೆ ಕಾಣುವುದಿಲ್ಲ. ಮಳೆಯ ಹಿಂದಿನಿಂದ ಬೆಳಕು ಬಿದ್ದರೆ ಮಾತ್ರ ಹನಿ ಹೊಳೆಯುತ್ತದೆ. ದೊಡ್ಡ ಲೈಟ್ ಇಲ್ಲದಿದ್ದರೆ ಎರಡು ಜೀಪುಗಳನ್ನು ನಟನ ಹಿಂದೆ ನಿಲ್ಲಿಸಿ ಹೆಡ್‌ಲೈಟ್ ಹಾಕಿ. ಮಂಜನ್ನು ನಂಬಬೇಡಿ. ಒಂದು ಶಾಟಿಗೆ ಬರುತ್ತದೆ, ಎದುರು ಶಾಟಿಗೆ ಎದ್ದು ಹೋಗಿರುತ್ತದೆ, ಎರಡನ್ನೂ ಜೋಡಿಸಿದರೆ ಇಬ್ಬರು ಬೇರೆ ಬೇರೆ ಜಿಲ್ಲೆಯಲ್ಲಿ ನಿಂತು ಮಾತಾಡಿದ ಹಾಗಿರುತ್ತದೆ. ಹೊರಗಿನ ಚಳಿಯಲ್ಲಿದ್ದ ಕ್ಯಾಮೆರಾವನ್ನು ಒಲೆ ಉರಿಯುವ ಅಡುಗೆಮನೆಗೆ ತಂದರೆ ಲೆನ್ಸ್ ಬೆವರುತ್ತದೆ. ಚೀಲದಲ್ಲೇ ಅರ್ಧ ಗಂಟೆ ಬಿಡಿ. ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ, ಸಿಲಿಕಾ ಜೆಲ್ ಪೊಟ್ಟಣ ಜೊತೆಗಿರಲಿ. ಜಿಗಣೆಗೆ ಉಪ್ಪು ಇಟ್ಟುಕೊಳ್ಳಿ, ಅದನ್ನು ನಿಮಗೆ ಹೇಳಬೇಕಾಗಿಲ್ಲ.

ದುಡ್ಡಿಲ್ಲದೆ ಸಿಗುವ ದೊಡ್ಡ ಗ್ರಾಫಿಕ್ಸ್ ಒಂದಿದೆ, ಕಾಫಿ ಹೂ. ಹೂ ಮಳೆ (ಕಾಫಿ ಹೂ ಅರಳಿಸುವ ಮಳೆ) ಬಿದ್ದು ಎಂಟು ಹತ್ತು ದಿನಕ್ಕೆ ಇಡೀ ತೋಟ ಒಂದೇ ರಾತ್ರಿಯಲ್ಲಿ ಬೆಳ್ಳಗಾಗುತ್ತದೆ. ಮೂರ್ನಾಲ್ಕು ದಿನ ಅಷ್ಟೇ. ನಿಮ್ಮ ಹುಡುಗನಿಗೆ ಶಕ್ತಿ ಬರುವ ಬೆಳಗ್ಗೆ ಅದಾದರೆ? ತಪ್ಪಿದರೆ ಮುಂದಿನ ವರ್ಷದವರೆಗೆ ಕಾಯಬೇಕು. ನಾನು ಒಮ್ಮೆ ಕಾದಿದ್ದೇನೆ.

ಪ್ರಾಣಿಗಳನ್ನು ಸಿನಿಮಾದಲ್ಲಿ ಬಳಸಲು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು, ಕಾಡಿನಲ್ಲಿ ತೆಗೆಯಲು ಅರಣ್ಯ ಇಲಾಖೆಯದ್ದು. ಆನೆಯನ್ನು ತೋರಿಸಲೇಬೇಡಿ. ಮುರಿದ ಬೈನೆ ಮರ, ಬಿದ್ದ ಬೇಲಿ, ಬಿಸಿ ಆರದ ಲದ್ದಿ ಸಾಕು. ಕಂಬದ ಬಿರುಕು ನೆನಪಿರಲಿ. ಮತ್ತೆ ಕೋವಿ. ನಮ್ಮ ಎಷ್ಟೋ ಮನೆಗಳ ಗೋಡೆಯಲ್ಲಿ ನಿಜವಾದದ್ದೇ ಇರುತ್ತದೆ, 'ಇದೇ ತಗೊಂಡ್ ಹೋಗು' ಅಂತ ಮಾವನೋ ಚಿಕ್ಕಪ್ಪನೋ ಕೊಡುತ್ತಾರೆ. ಖಾಲಿ ಇದೆ ಅಂದರೂ ಸೆಟ್ಟಿಗೆ ತರಬೇಡಿ. ಮರದ್ದು ಮಾಡಿಸಿ. ಈ ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ.

ನೀವು ಕೇಳದಿದ್ದರೂ ಇನ್ನೊಂದು. ಫ್ಯಾಂಟಮ್ಮನ್ನೋ ಬಾಲಮಂಗಳದ ಡಿಂಗನನ್ನೋ ನಿಮ್ಮ ತೋಟಕ್ಕೆ ಕರೆತರುವ ಆಸೆ ಇದ್ದರೆ ಬಿಡಿ. ಆ ಪಾತ್ರಗಳಿಗೆ ಒಡೆಯರಿದ್ದಾರೆ, ಹಕ್ಕು ಕೊಳ್ಳದೆ ಮುಟ್ಟುವ ಹಾಗಿಲ್ಲ. ಪುರಾಣದ ಕಥೆಗೆ ಒಡೆಯರಿಲ್ಲ, ಆದರೆ ಬೇರೆಯವರು ಬರೆದ ಚಿತ್ರಕ್ಕೆ ಇದ್ದಾರೆ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ 1967ರಲ್ಲಿ 'ಅಮರ ಚಿತ್ರ ಕಥೆ' ಶುರು ಮಾಡಿದಾಗ ಆರಿಸಿಕೊಂಡದ್ದು ಎಲ್ಲರಿಗೂ ಗೊತ್ತಿದ್ದ ಕಥೆಗಳನ್ನೇ. ಮುಖ ಮಾತ್ರ ಹೊಸದಾಗಿ ಬರೆಸಿದರು. ಆಮೇಲೆ ನಮ್ಮ ತಲೆಯಲ್ಲಿ ಕೃಷ್ಣನಿಗೆ ಆ ಮುಖವೇ ಕೂತುಬಿಟ್ಟಿತು.

ಹಾಗಾದರೆ ಎಲ್ಲಿಂದ ಶುರು? ಭಾನುವಾರದ ಆ ಓಟದ ಆಟ ಬಿಟ್ಟರೆ ಕ್ಯಾಮೆರಾ ಈಗಲೇ ಮುಟ್ಟಬೇಡಿ. ನಿಮ್ಮ ಕಥೆಯನ್ನು ಮೊದಲು 12 ಪುಟದ ಕಾಮಿಕ್ಸ್ ಮಾಡಿ. ಪೆನ್ಸಿಲ್ ಸಾಕು, ಬಣ್ಣ ಬೇಡ. ಅದರಲ್ಲಿ ಶಕ್ತಿ ತೋರಿಸುವ ಚೌಕ ಒಂದೇ ಒಂದು ಇರಲಿ. ಮುಗಿದ ಮೇಲೆ ನಕ್ಕ ಗೆಳೆಯರಿಗೇ ಕೊಟ್ಟು, ಅವರು ಓದುವಾಗ ಮುಖ ನೋಡಿ. ಯಾವ ಪುಟವನ್ನು ಬೇಗ ತಿರುಗಿಸಿದರು, ಎಲ್ಲಿ ಹಿಂದಕ್ಕೆ ಹೋಗಿ ನೋಡಿದರು ಅಂತ ಗುರುತು ಹಾಕಿಕೊಳ್ಳಿ. ಅವರು ಹಿಂದಕ್ಕೆ ಹೋದ ಪುಟವನ್ನು ಮಾತ್ರ ಎಂಟು ನಿಮಿಷದ ಕಿರುಚಿತ್ರ ಮಾಡಿ. ಹಾಜರಿ ಸೀನ್ ಆಗಿದ್ದರೆ ಇನ್ನೂ ಒಳ್ಳೆಯದು, ಒಂದು ಕಣ, ಒಂದು ಮೇಜು, ಇಬ್ಬರು ನಟರು.

ಆ 12 ಪುಟ ನನಗೂ ಕಳಿಸಿ. ಕಳಿಸುವ ಮೊದಲು ಒಂದು ವಿಷಯ ತೀರ್ಮಾನ ಮಾಡಿಕೊಳ್ಳಿ, ನಾನು ಮೊದಲು ಹುಡುಕುವುದು ಅದನ್ನೇ: ಬೆಳಗಿನ ಜಾವ ನಾಲ್ಕಕ್ಕೆ ಒದ್ದೆ ಗಂಬೂಟು ಕೈಯಲ್ಲಿ ಹಿಡಿದು ಹಿತ್ತಲ ಬಾಗಿಲಿನಿಂದ ಒಳಗೆ ಬರುವ ಮಗನನ್ನು ಅವನ ಅಮ್ಮ ಯಾವ ಪುಟದಲ್ಲಿ ನೋಡುತ್ತಾಳೆ, ಏನು ಕೇಳುತ್ತಾಳೆ?